ಆಲಿದಾ ಓದದೆ ಬಿಟ್ಟ ಕಾಗದ

ನಮ್ಮ ಪಕ್ಕದ ಮನೆಯ ಆಲಿದಾ ಹೆತ್ತವಳಲ್ಲ, ಆದರೂ ಅವಳಿಗೊಬ್ಬ ಮಗಳಿದ್ದಳು. ತಂಗಿ ಸೆರಿನಾಳ ಮಗಳು ರಾಗ್ನಾ. ಸೆರಿನಾ ಮತ್ತು ಅವಳ ಗಂಡ ಯೋನಾಸ್ ಪಾದ್ರಿ ಮಡಗಾಸ್ಕರಿನಲ್ಲಿ ಮಿಷನ್ ಕೆಲಸಕ್ಕಿದ್ದರು. ಅಲ್ಲಿಯ ಜ್ವರಕ್ಕೆ ಹೆದರಿ, ಇಲ್ಲಿಯ ಓದಿಗೆಂದು, ಮಿಷನ್ನಿನವರು ಮಕ್ಕಳನ್ನು ಆರೇಳು ವರ್ಷಕ್ಕೆಲ್ಲ ನಾರ್ವೆಗೆ ಕಳಿಸಿಬಿಡುವುದು ವಾಡಿಕೆ. ಹಾಗೆ ಬಂದಿಳಿದ ಹುಡುಗಿ ದೊಡ್ಡಮ್ಮನ ಲಂಗ ಹಿಡಿದು ಒಂದು ವಾರ ಬಿಡಲಿಲ್ಲವಂತೆ. ಆಲಿದಾಳ ಗಂಡ ಹೆರಿಂಗ್ ಮೀನಿಗೆ ಹೋದವನು ಸಮುದ್ರದಿಂದ ಮರಳಿರಲಿಲ್ಲ. ಮನೆಯಲ್ಲಿ ಒಂದು ಹಸು, ನಾಲ್ಕಾರು ಕುರಿ, ಒಂದು ತುಂಡು ಆಲೂಗಡ್ಡೆ ಹೊಲ, ಸದಾ ಒಲೆಯ ಮೇಲೆ ಕಾಫಿ. ಬಾಯಿ ಜೋರು, ಕೈ ಧಾರಾಳ. ಆ ಮನೆಗೆ ಮಗು ಬಂದ ಮೇಲೆ ಆಲಿದಾ ಹಾಡುತ್ತ ಹಾಲು ಕರೆಯಲು ಶುರು ಮಾಡಿದಳು. ಹಾಡು ಕೇಳುವ ಹಾಗಿರಲಿಲ್ಲ ಅನ್ನುವುದು ಬೇರೆ ಮಾತು.

ನಮ್ಮೂರಲ್ಲಿ ಹೆಂಗಸರ ಮಿಷನ್ ಸಂಘವಿತ್ತು. ಕಾಲುಚೀಲ, ಕೈಗವಸು ಹೆಣೆದು ಮಾರಿ ಆ ದುಡ್ಡನ್ನು ಮಿಷನ್ನಿಗೆ ಕಳಿಸುತ್ತಿದ್ದೆವು. ಮಡಗಾಸ್ಕರಿನಿಂದ ಕಾಗದ ಬಂತೆಂದರೆ ಅದು ಆಲಿದಾಳ ಸ್ವತ್ತಲ್ಲ, ಇಡೀ ಸಂಘದ್ದು. ಅವಳು ಎದ್ದು ನಿಂತು ಓದಬೇಕು, ನಾವು ಸೂಜಿ ಆಡಿಸುತ್ತ ಕಣ್ಣೊರೆಸಿಕೊಳ್ಳಬೇಕು. ಹೊಸ ಪ್ರಾರ್ಥನಾಮಂದಿರದ ಚಾವಣಿ ಹಾರಿಹೋದದ್ದು, ದೀಕ್ಷಾಸ್ನಾನ ಪಡೆದವರು ಎಷ್ಟು ಮಂದಿ ಎಂಬುದು, ಎಲ್ಲ ಇರುತ್ತಿತ್ತು. ಕೊನೆಯಲ್ಲಿ ಒಂದೇ ಸಾಲು: ರಾಗ್ನಾ ದೇವರಿಗೆ ಹೆದರಿ ನಡೆಯಲಿ. ಅದನ್ನು ಕೇಳುವಾಗ ರಾಗ್ನಾ ನಮಗೆ ಕಾಫಿ ಬಗ್ಗಿಸುತ್ತಿದ್ದಳು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಎಂಥ ಗಟ್ಟಿ ಹುಡುಗಿ ಎಂದು ನಾವು ಮೆಚ್ಚಿಕೊಳ್ಳುತ್ತಿದ್ದೆವು.

ಅವಳಿಗೆ ಹನ್ನೆರಡಾಗಿದ್ದಾಗ, ಅಪ್ಪ ಅಮ್ಮ ಬರುವ ವರ್ಷದ ಬೇಸಿಗೆಗೆ ರಜೆಯ ಮೇಲೆ ಬರುತ್ತಾರೆಂಬ ಕಾಗದ ಓದಿದ ಸಂಜೆ, ಮನೆಗೆ ಹೋಗುವ ದಾರಿಯಲ್ಲಿ ರಾಗ್ನಾ ಕೇಳಿದಳಂತೆ: "ದೊಡ್ಡಮ್ಮಾ, ಅವರು ಬಂದ್ರೆ ನಾನು ಅವರ ಜೊತೆ ಹೋಗ್ಬೇಕಾ? ಅಮ್ಮಂಗೆ ಅಲ್ಲಿ ಮಿಷನ್ ಶಾಲೇಲಿ ಬೇಕಾದಷ್ಟು ಮಕ್ಕಳಿದ್ದಾರೆ. ನಾನ್ಯಾಕೆ ಅವರಿಗೆ? ನಾನು ನಿಮ್ಮ ಹತ್ರಾನೇ ಇರ್ತೀನಿ."

ಮಾರನೆಯ ದಿನ ಆಲಿದಾ ನನ್ನ ಅಡುಗೆಮನೆಗೆ ಬಂದು ಕುಕ್ಕರಿಸಿದಳು. "ಗುರೀನಾ, ಆ ಮಾತು ಕೇಳಿ ನನಗೆ ಎಷ್ಟು ಖುಷಿಯಾಯ್ತು ಅಂತೀಯಾ? ಕುಣೀಬೇಕು ಅನ್ನಿಸ್ತು. ಆಮೇಲೆ ನನ್ನ ಮೇಲೇ ಅಸಹ್ಯ ಆಯ್ತು. ಹೆತ್ತ ತಾಯಿಗೆ ತಾನು ಬೇಡ ಅಂತ ಮಗು ಅಂದ್ಕೊಂಡಿದೆ, ನಾನು ಹಲ್ಲು ಕಿಸೀತಿದ್ದೀನಿ."

"ಅಂದ್ಕೊಂಡ್ರೆ ಅಂದ್ಕೊಳ್ಲಿ ಬಿಡೇ. ಹುಡುಗಿ ನಿನಗೇ ಉಳೀತಾಳಲ್ಲ" ಎಂದೆ ನಾನು. ಅವಳು ನನ್ನನ್ನು ನೋಡಿದ ನೋಟಕ್ಕೆ ಕಾಫಿಯೇ ತಣ್ಣಗಾಗಬೇಕು.

ಅಂದೇ ತಂಗಿಗೆ ಬರೆದಳು. ಮಗಳಿಗೆಂದೇ ಬೇರೆ ಒಂದು ಹಾಳೆ ಬರೆ, ಅಂಟಿಸಿ ಕಳಿಸು, ನಾನು ಬಿಚ್ಚುವುದಿಲ್ಲ, ಯಾರಿಗೂ ಓದುವುದಿಲ್ಲ ಎಂದು. ಉತ್ತರ ಬರಲು ತಿಂಗಳುಗಳೇ ಹಿಡಿದವು. "ಊರಿನ ಹೆಂಗಸರೆಲ್ಲ ಕೂತು ಕೇಳುವ ಕಾಗದದಲ್ಲಿ ನಾನು ಹೇಗೆ ಅಳಲಿ ಅಕ್ಕಾ?" ಎಂದು ಸೆರಿನಾ ಬರೆದಿದ್ದಳು. ಒಳಗೆ ಅಂಟಿಸಿದ ಹಾಳೆಯೂ ಇತ್ತು. ಆಲಿದಾ ಅದನ್ನು ಹುಡುಗಿಯ ಕೈಗೆ ಕೊಟ್ಟು, ಹೊಲಕ್ಕೆ ಗೊಬ್ಬರವೆಂದು ಕಡಲಪಾಚಿ ಹೊರುವ ಕೆಲಸ ಹಚ್ಚಿಕೊಂಡು ಕತ್ತಲಾಗುವವರೆಗೆ ಒಳಗೆ ಬರಲಿಲ್ಲ. ಬಂದಾಗ ರಾಗ್ನಾಳ ಕಣ್ಣು ಊದಿತ್ತು. ಬರೆಯಲು ಹಾಳೆ ಬೇಕೆಂದಳು. ಮನೆಯಲ್ಲಿದ್ದ ಹಾಳೆಯೆಲ್ಲ ಮುಗಿದು ನನ್ನ ಮನೆಗೆ ಬಂದು ಕೇಳಿದಳು.

ಸಂಘದಲ್ಲಿ ಮಾತ್ರ ರಾದ್ಧಾಂತವಾಯಿತು. ಅಧ್ಯಕ್ಷಿಣಿ ಬೆರ್ತೀನಾಳ ಕಣ್ಣಿಗೆ ಬೀಳದ್ದು ಯಾವುದಿದೆ? ಅಂಚೆಯವನ ಬಾಯಿ ಬಿಡಿಸಿ ಬಂದಿದ್ದಳು. "ಕಾಗದ ದಪ್ಪ ಇತ್ತಂತೆ. ನೀನು ಓದಿದ್ದು ಇಷ್ಟೇ ಇಷ್ಟು. ಉಳಿದಿದ್ದು ಎಲ್ಲಿ?"

"ಉಳಿದಿದ್ದು ಅದರ ಒಡತಿ ಹತ್ರ ಇದೆ."

"ನಾವು ಬೆರಳು ಸವೆಸಿ ಹೆಣೆದ ದುಡ್ಡಲ್ಲಿ ಕಣಮ್ಮಾ ಆ ಕಾಗದಕ್ಕೆ ಅಂಚೆಚೀಟಿ ಅಂಟಿಸಿರೋದು!"

"ಹಾಗಾದ್ರೆ ಚೀಟಿ ಕಿತ್ತು ಕೊಡ್ತೀನಿ, ಇಟ್ಕೊಳ್ಳಿ ಬೆರ್ತೀನಮ್ಮಾ. ಕಾಗದ ಮಗೂದು."

ನಾನು ನಗು ತಡೆಯಲಾರದೆ ಹೆಣಿಗೆ ತಪ್ಪಿಸಿ, ಕಾಲುಚೀಲವನ್ನು ಬಿಚ್ಚಿ ಮತ್ತೆ ಹೆಣೆಯಬೇಕಾಯಿತು. ಬೆರ್ತೀನಾ ಚಳಿಗಾಲವಿಡೀ ಆಲಿದಾಳ ದೋಸೆಯಂಥ ವಾಫಲ್ ಮುಟ್ಟಲಿಲ್ಲ. ನಷ್ಟ ಅವಳಿಗೇ.

ಆಮೇಲೆ ಪ್ರತಿ ಹಡಗಿಗೂ ಅಂಟಿಸಿದ ಹಾಳೆ ಬಂತು. ರಾಗ್ನಾ ಮೇಜಿನ ಮುಂದೆ ಕೂತು ಓದುತ್ತ ಒಬ್ಬಳೇ ನಗುವಳು. ಆಲಿದಾ ಬೆನ್ನು ತಿರುಗಿಸಿ ಪಾತ್ರೆ ತೊಳೆಯುವಳು. ಏನು ಬರೆದಿದ್ದಾಳೆ ಎಂದು ಒಮ್ಮೆಯೂ ಕೇಳಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದುದನ್ನು ನಾನು ಕಂಡಿದ್ದೇನೆ.

ಬೇಸಿಗೆಯಲ್ಲಿ ಸ್ತಾವಾಂಗರಿನ ಬಂದರಿಗೆ ನಾವು ಮೂವರೂ ಹೋದೆವು. ಹಡಗಿನ ಕಟಾಂಜನದ ಬಳಿ ಬಿಸಿಲಿಗೆ ಕಂದಿದ ಬಡಕಲು ಹೆಂಗಸೊಬ್ಬಳು ಪಾದ್ರಿಯ ಪಕ್ಕ ನಿಂತಿದ್ದಳು. ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದಳು. ಕೈ ಬೀಸುವ ಧೈರ್ಯ ಅವಳಿಗಿರಲಿಲ್ಲ. ಆಲಿದಾ ಹುಡುಗಿಯ ಭುಜದಿಂದ ಕೈ ತೆಗೆದು ಹಿಂದೆ ಸರಿದಳು. ಇಳಿಯುವ ಹಲಗೆ ಇನ್ನೂ ಹಾಕಿರಲಿಲ್ಲ.

"ಅಮ್ಮಾ! ಅಮ್ಮಾ, ಇಲ್ಲಿ! ನಾನು!" ಎಂದು ರಾಗ್ನಾ ಕಿರುಚಿದಳು. ಪೀಪಾಯಿ ಉರುಳಿಸುತ್ತಿದ್ದವರೂ ತಿರುಗಿ ನೋಡಿದರು. ಮೇಲಿದ್ದ ಆ ಹೆಂಗಸು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸಂಘಕ್ಕೆ ಬರೆದ ಯಾವ ಕಾಗದದಲ್ಲೂ ನಾವು ಕಂಡಿರದ ಸೆರಿನಾ ಅವಳು.

ರಜೆ ಮುಗಿಯುವವರೆಗೆ ಅಪ್ಪ ಅಮ್ಮನ ಜೊತೆ ಪೇಟೆಯ ಮಿಷನ್ ಮನೆಯಲ್ಲೇ ಇರುವುದೆಂದು ರಾಗ್ನಾ ತಾನೇ ಹೇಳಿದಳು. ಆಲಿದಾ ಅವಳ ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬಿ ಕಳಿಸಿಕೊಟ್ಟಳು. ಅಂದು ಸಂಜೆ ನಾನು ಅವಳ ಮನೆಗೆ ಹೋದೆ. ಮೇಜಿನ ಮೇಲೆ ಒಂದೇ ತಟ್ಟೆ. ನನಗೆ ತಡೆಯಲಾಗಲಿಲ್ಲ.

"ಹೊಟ್ಟೆ ಉರಿಯಲ್ವೇನೇ ನಿನಗೆ?"

"ಉರೀದೇ ಏನು? ಧಗಧಗ ಅಂತಿದೆ" ಎಂದು ನನಗೂ ಒಂದು ತಟ್ಟೆ ಇಟ್ಟು ಆಲೂಗಡ್ಡೆ ಬಡಿಸಿದಳು. ಆಮೇಲೆ ಮುಖವೆಲ್ಲ ಅರಳಿಸಿಕೊಂಡು ನಕ್ಕಳು. "ಆದ್ರೆ ಅವಳು ಕೂಗಿದ್ದು ಕೇಳಿದ್ಯಾ ಗುರೀನಾ? ಬಂದರೆಲ್ಲ ತಿರುಗಿ ನೋಡೋ ಹಾಗೆ! ಆರು ವರ್ಷದ ಹಿಂದೆ ಬಂದಾಗ ನೀರು ಬೇಕು ಅನ್ನೋಕೂ ಬಾಯಿ ಬರ್ತಿರಲಿಲ್ಲ ಆ ಮಗೂಗೆ. ಅಷ್ಟು ಜೋರಾಗಿ ಅಮ್ಮನ್ನ ಕರೆಯೋ ಹುಡುಗೀನ ಬೆಳೆಸಿದ್ದು ನಾನು ಕಣೇ."