ಅವ್ವನ ಕಾಲಿಗೆ ಉಣ್ಣೆಹುರಿ

ತಾಳ್ಯದ ಕಡೆ ನಮ್ಮಂಥ ಕುರಿ ಸಾಕುವ ಮನೆಗಳಲ್ಲಿ ಕಾಲು ಉಳುಕಿದರೆ ಡಾಕ್ಟರಿಗಿಂತ ಮೊದಲು ಕರಿಕುರಿಯ ಉಣ್ಣೆ ಬರುತ್ತದೆ. ಅದನ್ನು ಹುರಿ ಹೊಸೆದು ನೋವಿನ ಮೇಲ್ಗಡೆ ಬಿಗಿಯಾಗಿ ಕಟ್ಟಬೇಕು. ಆಗ ನೋವು ಮೇಲೆ ಹತ್ತುವುದಿಲ್ಲವಂತೆ. ಕಳೆದ ವರ್ಷ ಕುರಿ ಕೂಡುವ ರೊಪ್ಪದಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡ ಅವ್ವ ಯಾರಿಗೂ ಹೇಳದೆ ಮೊಣಕಾಲಿನ ಕೆಳಗೆ ಹುರಿ ಕಟ್ಟಿಕೊಂಡಳು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತೋ ಏನೋ. ಹುರಿಯ ಮೇಲೇ ಹುಣಸೆಸೊಪ್ಪು ಕುದಿಸಿದ ಬಿಸಿನೀರು ಹೊಯ್ದುಕೊಂಡು ಮಲಗಿದಳು. ಬಿಸಿನೀರು ಬಿದ್ದ ಉಣ್ಣೆ ಬಿಗಿಯುತ್ತದೆ ಎಂದು ಕಂಬಳಿ ನೇಯುವವರ ಮಗಳಿಗೆ ಬೇರೆ ಯಾರು ಹೇಳಬೇಕು?

ಬೆಳಿಗ್ಗೆ ನೋಡಿದರೆ ಪಾದ ಊದಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹುರಿ ಮಾಂಸದೊಳಗೆ ಹೂತಿತ್ತು. ಪಕ್ಕದ ಮನೆಯ ಅಜ್ಜನ ಕಾಲು ಹೀಗೇ ಕಪ್ಪಾಗಿ, ಕೊನೆಗೆ ತೆಗೆದೇ ಹಾಕಿದ್ದರು. ಕತ್ತರಿ ತಂದರೆ ಅವ್ವ ಮುಟ್ಟಗೊಡಲಿಲ್ಲ.

"ಈಗ ಬಿಚ್ಚಿದ್ರೆ ನೋವು ಸೊಂಟಕ್ಕೆ ಹತ್ತತೈತೆ ಕಣೆ!"

ಆಟೋದಲ್ಲಿ ಹೊಳಲ್ಕೆರೆ ಆಸ್ಪತ್ರೆ ಮುಟ್ಟುವವರೆಗೂ ಅವಳನ್ನು ಬೈದೆ. ಹೆದರಿಕೆಯಾದರೆ ಬೈಯುವುದು ನನ್ನ ಹುಟ್ಟುಗುಣ.

ಡಾಕ್ಟರಮ್ಮ ಬೈಯಲಿಲ್ಲ. ಹುರಿಯ ಅಡಿಗೆ ಮೆಲ್ಲಗೆ ಕತ್ತರಿ ತೂರಿಸಿ ಕತ್ತರಿಸಿದರು. ಆಮೇಲೆ ಪಾದದ ಮೇಲೆ ಎರಡು ಬೆರಳು ಒತ್ತಿ ಹಿಡಿದರು.

"ನಾಡಿ ಚೆನ್ನಾಗಿ ಹೊಡ್ಕಂತಾ ಐತೆ. ಕಾಲಿಗೇನೂ ಆಗಲ್ಲ, ಹೆದರಬ್ಯಾಡ್ರಿ."

"ಮತ್ತೆ ಈ ಬಣ್ಣ?" ಎಂದೆ.

"ಹೃದಯದಿಂದ ರಕ್ತ ತರೋ ಧಮನಿ ಆಳದಲ್ಲಿರ್ತೈತೆ, ಗೋಡೆ ದಪ್ಪ, ಒಳಗೆ ಒತ್ತಡಾನೂ ಜಾಸ್ತಿ. ಅದು ಹುರಿಗೆ ಬಗ್ಗಲಿಲ್ಲ. ವಾಪಸ್ ಒಯ್ಯೋ ಸಿರೆಗಳು ತೆಳ್ಳಗೆ, ಎಷ್ಟೋ ಚರ್ಮದ ಕೆಳಗೇ ಇರ್ತಾವೆ. ಅವು ಅಪ್ಪಚ್ಚಿ ಆದ್ವು. ಬಂದ ರಕ್ತಕ್ಕೆ ಹೋಗಾಕೆ ದಾರಿ ಇರ್ಲಿಲ್ಲ."

"ರೊಪ್ಪದಾಗೆ ಕುರಿ ತುಂಬ್ತಾನೇ ಇದ್ದು, ಹೊರಗೆ ಬಿಡೋದು ಮರೆತಂಗೆ," ಎಂದಳು ಅವ್ವ, ಕಟ್ಟಿಕೊಂಡವಳು ತಾನಲ್ಲವೇನೋ ಎಂಬಂತೆ. ಡಾಕ್ಟರಮ್ಮ ನಕ್ಕುಬಿಟ್ಟರು.

ರಕ್ತ ಹೆಪ್ಪುಗಟ್ಟಿದೆಯೇನೋ ಎಂದು ಸ್ಕ್ಯಾನ್ ಮಾಡಿಸಿದರು. ಇರಲಿಲ್ಲ. ಕಾಲನ್ನು ದಿಂಬಿನ ಮೇಲೆ ಎತ್ತಿ ಇಟ್ಟಂತೆ ನೇರಳೆ ಬಣ್ಣ ಇಳಿಯುತ್ತಾ ಬಂತು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು. ಬೈಯಲು ಬಾಯಿ ತೆರೆದರೆ ಅಳು ಬಂತು.

ಡಾಕ್ಟರಮ್ಮ ನನ್ನ ಬೆರಳು ಹಿಡಿದು ಅವ್ವನ ಪಾದದ ಮೇಲೆ ಇಟ್ಟರು. ಹಬ್ಬ ಬಂದಾಗಲೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಂಡ ಪಾದ ಅದು. ಅಲ್ಲೊಂದು ನಾಡಿ ಮಿಡಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಟಕ್, ಟಕ್ ಎಂದು ಬೆರಳಿಗೆ ತಾಗುತ್ತಿತ್ತು.

"ಎಷ್ಟೊತ್ತು ಹಿಡ್ಕಂಡಿರ್ತೀಯೇ? ಕಚಗುಳಿ ಆಗತೈತೆ, ಬಿಡು," ಎಂದಳು ಅವ್ವ.

ನಾನು ಬಿಡಲಿಲ್ಲ.