ಸಾವಕ್ಕನ ಕೌದಿಯಿಂದ ಸನ್ಮಾನ

1992ನೇ ಇಸವಿ. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅಗಡಿಯಿಂದ ದಿನಾ ಬಸ್ಸಿನಲ್ಲಿ ಹಾವೇರಿಯ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಸಮಾಜಶಾಸ್ತ್ರ ಕಲಿಸುತ್ತಿದ್ದ ಸರ್ ನಮಗೆಲ್ಲ ಒಂದೊಂದು ಸಂಶೋಧನೆಯ ಕೆಲಸ ಹಚ್ಚಿದ್ದರು. ವಿಷಯ ‘ಸಂಸ್ಕೃತಿ ಮತ್ತು ಗುರುತು’. ಪುಸ್ತಕ ನೋಡಿ ಬರೆಯುವಂತಿಲ್ಲ, ಊರೊಳಗೆ ಹೋಗಿ ಜನರನ್ನು ಮಾತಾಡಿಸಿ ಬರೆಯಬೇಕು. ಬ್ಯಾಡಗಿಯ ಗೆಳತಿ ಶೈಲಾ ಮೆಣಸಿನಕಾಯಿ ಪೇಟೆಯಲ್ಲಿ ದುಡಿಯುವ ಹೆಂಗಸರ ಹಾಡು ಆರಿಸಿಕೊಂಡಳು. ನಾನು ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿಯುವ ಕೌದಿ ಆರಿಸಿಕೊಂಡೆ.

ಯಾಕೆಂದರೆ ನಮ್ಮ ಓಣಿಯ ಸಾವಕ್ಕ ಆಗ ಒಂದು ಕೌದಿ ಹೊಲಿಯುತ್ತಿದ್ದಳು. ಮೇಡ್ಲೇರಿಗೆ ಕೊಟ್ಟಿದ್ದ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆಸರಿಡುವ ದಿನ ಕೂಸನ್ನು ಈ ಕೌದಿಯ ಮೇಲೆಯೇ ಮಲಗಿಸಬೇಕೆಂದು ಸಾವಕ್ಕನ ಆಸೆ. ತೀರಿಹೋದ ತಾಯಿಯ ಸೀರೆಗಳನ್ನು ಪೆಟ್ಟಿಗೆಯಲ್ಲಿ ಕಾದಿಟ್ಟಿದ್ದವಳು ಅವನ್ನೇ ಕತ್ತರಿಸಿ ಕೌದಿಗೆ ಹಾಕಿದ್ದಳು. ತಾಯಿಯದು ಅಂತ ಆ ಮನೆಯಲ್ಲಿ ಬೇರೆ ಏನೂ ಉಳಿದಿರಲಿಲ್ಲ.

ಹೊಲಿದು ಮುಗಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದರು. ಸಾವಕ್ಕ ಒಂದು ಚೂರು ಹೋಳಿಗೆಯನ್ನು ಕೌದಿಯ ಕೊನೆಯ ಮೂಲೆಯೊಳಗಿಟ್ಟು ಹೊಲಿದುಬಿಟ್ಟಳು. ಇದ್ಯಾಕೆ ಎಂದು ಕೇಳಿದೆ.

‘ಕೌದಿಗೂ ಹೊಟ್ಟಿ ಇರ್ತೈತವಾ. ಹಸದ ಕೌದಿ ಮ್ಯಾಲ ಕೂಸಿಗೆ ನಿದ್ದಿ ಹತ್ತಂಗಿಲ್ಲ’ ಎಂದಳು.

ಅದೇ ವಾರ ಕಾಲೇಜಿನಲ್ಲಿ ನಮ್ಮ ಸಂಶೋಧನೆಗಳ ಪ್ರದರ್ಶನ ಇಟ್ಟುಕೊಂಡರು. ಬೆಂಗಳೂರಿನಿಂದ ಒಬ್ಬ ದೊಡ್ಡ ವಿದ್ವಾಂಸರು ಬರುವವರಿದ್ದರು. ಆ ಕೌದಿಯನ್ನೇ ತಂದು ಗೋಡೆಗೆ ತೂಗುಹಾಕೋಣ ಎಂದು ಸರ್ ಹೇಳಿದರು. ಸಾವಕ್ಕ ಸುತಾರಾಂ ಒಪ್ಪಲಿಲ್ಲ. ನಮ್ಮವ್ವ ನಡುವೆ ಬಂದು ಹೇಳಿದ ಮೇಲೆ, ಒಲ್ಲದ ಮನಸ್ಸಿನಿಂದ ಮಡಚಿ ನನ್ನ ಕೈಗೆ ಕೊಟ್ಟಳು.

‘ಮಗಳು ದಿನ ತುಂಬ್ಯಾಳ. ಲಗೂ ತಂದ ಕೊಡಬೇಕ ನೋಡು’ ಎಂದಳು. ‘ಸಂಜೀಕ ತರ್ತೀನಿ ಬೇ’ ಎಂದು ಮಾತು ಕೊಟ್ಟೆ.

ವಿದ್ವಾಂಸರು ಭರ್ತಿ ಒಂದು ತಾಸು ಮಾತಾಡಿದರು. ಸಂಸ್ಕೃತಿಯೇ ನಮ್ಮ ಗುರುತು, ಹಳ್ಳಿಯ ಹೆಣ್ಣುಮಕ್ಕಳೇ ಅದರ ಬೇರು, ಆ ಬೇರನ್ನು ಕಾಪಾಡಬೇಕಾದವರು ನೀವು ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಆಮೇಲೆ ಸನ್ಮಾನ. ಶಾಲು ತರುವುದನ್ನು ಮರೆತಿದ್ದರೋ, ಪ್ರಿನ್ಸಿಪಾಲರಿಗೆ ನಿಂತ ನಿಲುವಿನಲ್ಲೇ ಜಾಣತನ ಹೊಳೆಯಿತೋ ಗೊತ್ತಿಲ್ಲ, ‘ಪ್ಯಾಟಿ ಶಾಲು ಯಾಕ, ನಮ್ಮ ಮಣ್ಣಿನ ಕೌದೀನ ಹೊಚ್ಚಿ ಸನ್ಮಾನ ಮಾಡೂಣು’ ಎಂದು ಮೈಕಿನಲ್ಲಿ ಸಾರಿ, ಗೋಡೆಯ ಮೇಲಿದ್ದ ಸಾವಕ್ಕನ ಕೌದಿಯನ್ನು ತೆಗೆಸಿ ಅತಿಥಿಗಳಿಗೆ ಹೊದಿಸಿಯೇಬಿಟ್ಟರು! ಫೋಟೋದವನು ಫೋಟೋ ಹೊಡೆದ. ಮತ್ತೆ ಚಪ್ಪಾಳೆ.

‘ಸರ್, ಅದು ಕಾಲೇಜಿಂದಲ್ಲರಿ!’ ಎಂದು ಎದ್ದು ನಿಂತೆ. ಪಕ್ಕದ ಸಾಲಿನಲ್ಲಿದ್ದ ನಮ್ಮ ಸರ್ ಕಣ್ಣು ಬಿಟ್ಟು, ‘ಈಗ ಸುಮ್ಮ ಕುಂದರು, ಮುಗದ ಮ್ಯಾಲ ನಾ ಮಾತಾಡ್ತೀನಿ’ ಎಂದರು. ಮುಗಿಯುವಷ್ಟರಲ್ಲಿ ಕೌದಿ ಅತಿಥಿಗಳ ಕಾರು ಸೇರಿ, ಅವರು ಆ ರಾತ್ರಿ ಉಳಿಯಲಿದ್ದ ರಾಣೆಬೆನ್ನೂರಿನ ದಾರಿ ಹಿಡಿದಿತ್ತು. ಸರ್ ಏನೂ ಮಾತಾಡಲಿಲ್ಲ.

ನಾನೇ ಪ್ರಿನ್ಸಿಪಾಲರ ಕೋಣೆಗೆ ಹೋದೆ.

‘ಒಂದ ಹಳೇ ಕೌದಿ ಸಲುವಾಗಿ ಇಷ್ಟ ಗದ್ದಲೇನವಾ? ಆ ಹೆಣಮಗಳಿಗೆ ಹೊಸಾ ಚಾದರ ಕೊಡಸೂಣಂತ. ದೊಡ್ಡವರಿಗೆ ಹೊಚ್ಚಿದ್ದನ್ನ ವಾಪಸ್ ಕೇಳಾಕ ಬರತೈತೇನು?’

ಹೊಸ ಚಾದರವಂತೆ! ಅಲ್ಲಿಯೇ ನಿಂತಿದ್ದರೆ ಏನಾದರೂ ಅಂದುಬಿಡುತ್ತಿದ್ದೆ. ಹೊರಗೆ ಕಾಯುತ್ತಿದ್ದ ಶೈಲಾ ನನ್ನ ಮುಖ ನೋಡಿದವಳೇ, ‘ನಡಿ, ರಾಣೆಬೆನ್ನೂರ ಬಸ್ ಐತಿ’ ಎಂದು ಕೈಹಿಡಿದು ಎಳೆದಳು.

ಅತಿಥಿಗಳು ಅಲ್ಲಿಯ ಪ್ರವಾಸಿ ಮಂದಿರದ ವರಾಂಡದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು. ಕೌದಿ ಕಟ್ಟೆಯ ಮೇಲೆ ಬಿದ್ದಿತ್ತು. ಎತ್ತಿ ನೋಡಿದರೆ ಒಂದು ಮೂಲೆಯ ಹೊಲಿಗೆ ಕಿತ್ತು ಬಾಯಿ ತೆರೆದುಕೊಂಡಿದೆ.

‘ಅದರಲ್ಲಿ ಏನೋ ತಿಂಡಿ ಸೇರ್ಕೊಂಡಿತ್ತಮ್ಮ, ಇರುವೆ ಮುತ್ತಿತ್ತು. ನಮ್ಮ ಡ್ರೈವರ್ ಕಿತ್ತು ಬಿಸಾಕಿದ. ಎಷ್ಟು ಚಂದದ ಕೆಲಸ, ಆದರೆ ಶುಚಿ ನೋಡಿ, ಅಷ್ಟಕ್ಕಷ್ಟೇ’ ಎಂದು ನಕ್ಕರು.

ಆ ನಗು ನೋಡಿ ನನ್ನ ಮೈಯೆಲ್ಲ ಉರಿಯಿತು. ‘ಅದು ಕೌದಿ ಉಣ್ಣೂ ಹೋಳಿಗಿರಿ ಸರ್. ಬೇಕಂತನ ಇಟ್ಟ ಹೊಲದಾರ. ಈ ಕೌದಿ ನಿಮಗ ಹೊಚ್ಚಿದವರದಲ್ಲ. ಇದು ಯಾರದೈತೋ ಅವರು ಅಗಡಿಯೊಳಗ ದಾರಿ ಕಾಯಾಕತ್ತಾರ’ ಎಂದೆ. ಅವರ ನಗು ನಿಂತಿತು. ‘ಹಾಗಂತ ನನಗೆ ಯಾರೂ ಹೇಳಲಿಲ್ಲವಲ್ಲಮ್ಮ’ ಎಂದರು. ನೀವು ಕೇಳಿದಿರೇನು ಎಂದು ನಾಲಗೆಯ ತುದಿಗೆ ಬಂದಿತ್ತು. ಕೌದಿ ಎತ್ತಿಕೊಂಡು ಬಂದುಬಿಟ್ಟೆ.

ಅಗಡಿ ಮುಟ್ಟಿದಾಗ ಸಾವಕ್ಕ ನಮ್ಮ ಕಟ್ಟೆಯ ಮೇಲೆಯೇ ಕುಳಿತಿದ್ದಳು. ಮಗಳಿಗೆ ಆಗಲೇ ನೋವು ಹತ್ತಿತ್ತು. ಕೌದಿ ಬಿಚ್ಚಿ ಮೂಲೆ ನೋಡಿದವಳು, ನಾನು ಎಲ್ಲ ಹೇಳಿ ಮುಗಿಸುವ ಮೊದಲೇ ಓಣಿಗೆಲ್ಲ ಕೇಳುವಂತೆ ಬೈದಳು. ‘ಯಾರನ್ನ ಕೇಳಿ ಹೊಚ್ಚಿದ್ರು? ನಮ್ಮವ್ವನ ಸೀರಿ ಅವನ ಮೈಮ್ಯಾಲ ಯಾಕ? ಇದನ್ನ ಕಲಿಯಾಕ ಹೋಗ್ತೀರೇನು ಕಾಲೇಜಿಗೆ?’ ಆ ಬೈಗುಳ ಯಾರಿಗೆ ಸಲ್ಲಬೇಕಿತ್ತೋ ಅವರು ಅಲ್ಲಿರಲಿಲ್ಲ. ನಾನೇ ನಿಂತು ಕೇಳಿದೆ.

ಮತ್ತೊಮ್ಮೆ ಹೋಳಿಗೆ ಮಾಡಿ, ಮೂಲೆ ಹೊಲಿದು, ಹೆಸರಿಡುವ ದಿನ ಮೊಮ್ಮಗಳನ್ನು ಅದರ ಮೇಲೆಯೇ ಮಲಗಿಸಿದಳು. ನಾನು ನಡೆದದ್ದನ್ನೆಲ್ಲ ನನ್ನ ಸಂಶೋಧನೆಯ ಕೊನೆಯ ಅಧ್ಯಾಯವಾಗಿ ಬರೆದೆ. ‘ಕಾಲೇಜಿನ ಮರ್ಯಾದಿ ಹೋಗ್ತದ, ಆ ಹಾಳಿ ತಗದ ಹಾಕು’ ಎಂದರು ಸರ್. ತೆಗೆಯಲಿಲ್ಲ. ಮಾರ್ಕು ಕಡಿಮೆ ಬಿತ್ತು. ಬೀಳಲಿ ಎಂದುಕೊಂಡೆ.

ವರ್ಷದ ಕೊನೆಗೆ ಕಾಲೇಜಿನ ವಾರ್ಷಿಕ ಸಂಚಿಕೆ ಬಂತು. ಒಳಪುಟದಲ್ಲಿ ದೊಡ್ಡದಾಗಿ ಅದೇ ಫೋಟೋ. ಸಾವಕ್ಕನಿಗೆ ಒಯ್ದು ತೋರಿಸಿದೆ. ಕೆಳಗೇನು ಬರೆದಿದೆ ಓದು ಎಂದಳು. ಅತಿಥಿಗಳ ಹೆಸರು ಓದಿದೆ, ಪ್ರಿನ್ಸಿಪಾಲರ ಹೆಸರು ಓದಿದೆ, ‘ನೆಲದ ಸಂಸ್ಕೃತಿಗೆ ಗೌರವ’ ಎಂದಿದ್ದದ್ದನ್ನೂ ಓದಿದೆ.

‘ನನ್ನ ಹೆಸರು?’

‘ಇಲ್ಲಬೇ.’

ಸಾವಕ್ಕ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು, ಅತಿಥಿಗಳ ಹೆಗಲ ಮೇಲೆ ಬೆರಳಿಟ್ಟಳು. ‘ನಮ್ಮವ್ವ ಬಂದಾಳ ನೋಡು. ಇದು ಆಕಿ ಹಬ್ಬಕ್ಕ ಉಡೂ ಸೀರಿ’ ಎಂದಳು. ಆಮೇಲೆ ಕೇಳಿದಳು: ‘ಅಷ್ಟು ಮಂದಿ ಕಲತವರು ಕುಂತಿದ್ರಿ. ಇದು ಯಾರದು ಅಂತ ಒಬ್ಬರರ ಕೇಳಲಿಲ್ಲೇನು?’

ಗುರುತಿನ ಬಗ್ಗೆ ವರ್ಷವಿಡೀ ಓದಿದವರೇ ಆ ಸಭೆಯ ತುಂಬ ಕುಳಿತಿದ್ದೆವು. ಒಬ್ಬರೂ ಕೇಳಿರಲಿಲ್ಲ. ಸಂಸ್ಕೃತಿ ಅಂತ ಯಾರಾದರೂ ಮೈಕಿನ ಮುಂದೆ ಶುರುಮಾಡಿದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಅದು ಇಳಿಯಲಿ ಎಂದು ನಾನು ಒಂದು ದಿನವೂ ಬಯಸಿಲ್ಲ.