ಜಯಸಿಂಹರ ಹ್ಯಾಟಿನ ಒಳಪಟ್ಟಿ

ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಸಾಲು ಬಾಡಿಗೆ ಕೋಣೆಗಳ ಒಂದು ಹಳೆಯ ಚಾಳಿನ ಮೆಟ್ಟಿಲ ಕೆಳಗೆ, ಅಣವೀರಪ್ಪನ ಅಂಗಡಿ ಇತ್ತು. ಅಂಗಡಿ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಒಳಗೆ ಒಬ್ಬ ಕೂತರೆ ಇನ್ನೊಬ್ಬ ಗಲ್ಲಿಯಲ್ಲಿ ನಿಂತೇ ಮಾತಾಡಬೇಕಿತ್ತು. ಅಲ್ಲಿ ಅವನು ಗಂಡಸರ ಹಳೆಯ ಹ್ಯಾಟುಗಳನ್ನು ಹೊಸದು ಮಾಡಿಕೊಡುತ್ತಿದ್ದ. ಮುದ್ದೇಬಿಹಾಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು ಈ ಕಸುಬಿಗೆ ಬಿದ್ದದ್ದು ಕಾಲು ಮುರಿದುಕೊಂಡದ್ದರಿಂದ. ಆರು ತಿಂಗಳು ಚಾಳಿನ ಬಾಗಿಲಲ್ಲಿ ಕೂತು ನೊಣ ಹೊಡೆಯುತ್ತಿದ್ದವನಿಗೆ ಮೆಟ್ಟಿಲ ಕೆಳಗಿನ ಗೋವೆಯ ಮುದುಕ ಮೇಸ್ತ್ರಿ ಒಂದು ಬ್ರಶ್ ಕೊಟ್ಟು, ಸುಮ್ಮನೆ ಕೂರುವ ಬದಲು ಇದನ್ನು ಉಜ್ಜು ಎಂದ. ಮುದುಕ ಸತ್ತ ಮೇಲೆ ಅಂಗಡಿಯೂ ಬ್ರಶ್ಶೂ ಇವನ ಪಾಲಿಗೆ ಉಳಿದವು.

ಕೆಲಸದ ಕ್ರಮ ಹೀಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬಯಿಯ ಕಪಾಟುಗಳೊಳಗಿನ ಹ್ಯಾಟುಗಳಿಗೆಲ್ಲ ಬೂಷ್ಟು ಹಿಡಿದಿರುತ್ತದೆ. ಗಿರಾಕಿಗಳು ಅವನ್ನು ಪೇಪರಿನಲ್ಲಿ ಸುತ್ತಿ ತರುತ್ತಾರೆ. ಅಣವೀರಪ್ಪ ಮೊಟ್ಟಮೊದಲು ಹ್ಯಾಟನ್ನು ಅಂಗಾತ ಮಾಡಿ, ಹಣೆಗೆ ತಾಗುವ ಒಳಗಿನ ಚರ್ಮದ ಪಟ್ಟಿಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದ. ವರ್ಷಗಟ್ಟಲೆ ಬೆವರು ಎಣ್ಣೆ ಕುಡಿದು ಕಪ್ಪಗಾಗಿ ನಾರುವ ಪಟ್ಟಿ ಅದು. ಅದನ್ನು ಹಿಂದಿನ ಗಟಾರಕ್ಕೆ ಎಸೆದು, ಹ್ಯಾಟನ್ನು ಕೆಟಲಿನ ಹಬೆಗೆ ಹಿಡಿದು, ಮರದ ಅಚ್ಚಿನ ಮೇಲೆ ಎಳೆದು ಕೂರಿಸಿ, ಇಸ್ತ್ರಿ ಮಾಡಿ, ಮೇಕೆ ಚರ್ಮದ ಹೊಸ ಪಟ್ಟಿ ಹೊಲಿದರೆ ಮುಗಿಯಿತು. “ಹೊಲಸು ಇಟ್ಕೊಂಡು ಮ್ಯಾಲಷ್ಟ ಥಳಥಳ ಅಂದ್ರ ಏನ್ ಬಂತ್ರಿ?” ಎಂದು ಗಿರಾಕಿಗಳಿಗೆ ಉಪದೇಶ ಬೇರೆ ಮಾಡುತ್ತಿದ್ದ. ಹೊಲಿಗೆಯ ಕೊನೆಗೆ ಮುದುಕ ಮೇಸ್ತ್ರಿ ಒಂದು ಗಂಟು ಹಾಕುತ್ತಿದ್ದ, ಅಣವೀರಪ್ಪ ಜೋಡಿ ಗಂಟು ಹಾಕುತ್ತಿದ್ದ. ಆ ಎರಡನೆಯ ಗಂಟಿನ ಬಗ್ಗೆ ಅವನಿಗೆ ವಿಪರೀತ ಜಂಬ.

ಎಂಬತ್ತರ ದಶಕ ಬರುವಷ್ಟರಲ್ಲಿ ಹ್ಯಾಟು ಹಾಕುವವರೇ ಕಡಿಮೆಯಾದರು. ಕೆಲವು ಪಾರ್ಸಿ ಮುದುಕರು, ರೇಸ್‌ಕೋರ್ಸಿಗೆ ಹೋಗುವ ಶೋಕಿಯವರು, ಮದುವೆ ಬ್ಯಾಂಡಿನವರು, ಅಷ್ಟೆ. ಅವನ ಹೆಂಡತಿ ರುದ್ರವ್ವ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಮಾರಿ ಮನೆ ನಡೆಸುತ್ತಿದ್ದಳು. ಗಂಡ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ, “ಮಂದಿ ತಲೀ ಸ್ವಚ್ಛ ಮಾಡ್ತಾನ” ಎಂದು ನಗುತ್ತಿದ್ದಳು.

ಉಳಿದ ಗಿರಾಕಿಗಳಲ್ಲಿ ಕನ್ನಡದವರು ಒಬ್ಬರೇ, ಸಾಂತಾಕ್ರೂಜಿನ ಜಯಸಿಂಹ. ಮೈಸೂರಿನವರು, ಗಿರಣಿ ಯಂತ್ರಗಳ ಕಂಪನಿಯಲ್ಲಿ ಇಂಜಿನಿಯರಾಗಿದ್ದು ರಿಟೈರ್ ಆದವರು. ಪ್ರತಿ ದಸರೆಗೆ ಮುಂಚೆ ತಮ್ಮ ಬೂದು ಬಣ್ಣದ ಹ್ಯಾಟನ್ನು ಹಿಡಿದು ಎರಡು ಗಾಡಿ ಬದಲಿಸಿ ಬರುತ್ತಿದ್ದರು. ಗಲ್ಲಿಯಲ್ಲಿ ನಿಂತುಕೊಂಡೇ ಊರಿನ ಮಳೆ ಬೆಳೆ, ಮಕ್ಕಳ ಓದು ಎಲ್ಲ ವಿಚಾರಿಸುತ್ತಿದ್ದರು. ಹೋಗುವಾಗ ಪ್ರತಿ ವರ್ಷ ಅದೇ ಮಾತು: “ಬ್ರಶ್ ಮಾಡು, ಹಬೆ ಹಿಡಿ, ಏನು ಬೇಕಾದ್ರೂ ಮಾಡಪ್ಪ. ಒಳಗಿನ ಪಟ್ಟಿ ಮಾತ್ರ ಮುಟ್ಟಬೇಡ.” ಇಷ್ಟು ಓದಿದವರಿಗೆ ಇದೆಂಥ ಹೊಲಸಿನ ಮೋಹ ಎಂದು ಅಣವೀರಪ್ಪ ಒಳಗೊಳಗೇ ನಗುತ್ತಿದ್ದ. ಆದರೂ ಹೇಳಿದಂತೆ ಮಾಡುತ್ತಿದ್ದ. ದೊಡ್ಡ ಮನುಷ್ಯರು ಅವನನ್ನು ನಂಬಿ ಒಂದು ಮಾತು ಹೇಳುತ್ತಿದ್ದದ್ದು ವರ್ಷಕ್ಕೆ ಅದೊಂದೇ ಸಲ.

ಎಂಬತ್ತೈದರ ಚಳಿಗಾಲದಲ್ಲಿ ಒಂದು ಕಾರು ಗಲ್ಲಿಯ ಬಾಯಿಗೆ ಬಂದು ನಿಂತಿತು. ಇಳಿದವರು ಕೇಕಿ ಸೇಟ್. ಹಳೆಯ ಹ್ಯಾಟುಗಳನ್ನು ಕೂಡಿಡುವ ಹುಚ್ಚಿನವರು. ಇಡೀ ಮುಂಬಯಿಯಲ್ಲಿ ಈ ಕೆಲಸ ಬಲ್ಲವನು ನೀನೊಬ್ಬನೇ ಉಳಿದಿದ್ದೀಯಂತೆ ಎಂದು ಹಿಂದಿಯಲ್ಲಿ ಹೇಳಿ, ಅವನನ್ನು ಕಾರಿನಲ್ಲೇ ಮಲಬಾರ್ ಹಿಲ್ಲಿನ ತಮ್ಮ ಮನೆಗೆ ಕರೆದೊಯ್ದರು. ಕುರ್ಚಿ ಎಳೆದು ಕೂರಿಸಿದರು. ಅಂಥ ಮನೆಯ ಕುರ್ಚಿಯಲ್ಲಿ ಅಣವೀರಪ್ಪ ಹುಟ್ಟಿದಂದಿನಿಂದ ಕೂತವನಲ್ಲ. ಅಂಚಿನಲ್ಲೇ ಕೂತ.

ಗೋಡೆಯುದ್ದಕ್ಕೂ ಗಾಜಿನ ಕಪಾಟು, ಒಳಗೆ ಸಾಲು ಸಾಲು ಹ್ಯಾಟು. ಸೇಟ್ ಒಂದೊಂದನ್ನೇ ತೆಗೆದು ತೋರಿಸಿದರು. ಇದರ ರೋಮ ನೀರಲ್ಲಿ ಬದುಕುವ ಪ್ರಾಣಿಯದು, ಈಗ ಯಾರೂ ಹೀಗೆ ಮಾಡುವುದಿಲ್ಲ. ಈ ಅಂಚು ಕೈಯಲ್ಲೇ ಮಡಿಸಿದ್ದು, ಮಾಡಿದ ಕಂಪನಿ ಮುಚ್ಚಿ ನಲವತ್ತು ವರ್ಷವಾಯಿತು. “ಲೇಕಿನ್ ಅಸಲೀ ಚೀಜ್ ಯೇ ಹೈ,” ಎಂದು ಹ್ಯಾಟನ್ನು ತಿರುಗಿಸಿ ಒಳಗಿನ ಚರ್ಮದ ಪಟ್ಟಿಯ ಮೇಲೆ ಬೆರಳಿಟ್ಟರು. ಕಂಪನಿಯ ಚಿನ್ನದ ಮುದ್ರೆ ಇಲ್ಲೇ ಇರುತ್ತದೆ. ಹಾಕಿಕೊಂಡವನ ಹೆಸರು, ಅವನ ಬೆವರಿನ ಕಲೆ, ಅವನ ಹಣೆ ಒತ್ತಿ ಒತ್ತಿ ಬಿದ್ದ ಆಕಾರ ಇಲ್ಲೇ ಇರುತ್ತದೆ. ಥಳಥಳಿಸುವ ಹ್ಯಾಟು ಯಾರಿಗೆ ಬೇಕು? ಅದನ್ನು ಹಾಕಿಕೊಂಡ ಮನುಷ್ಯ ಒಳಗೆ ಉಳಿದಿರಬೇಕು. ಪಟ್ಟಿ ಹೋದ ಹ್ಯಾಟು ನಮ್ಮಂಥವರಿಗೆ ಬರೀ ಬಟ್ಟೆ.

ಅಣವೀರಪ್ಪ ಕುರ್ಚಿಯ ಅಂಚಿಗೆ ಇನ್ನಷ್ಟು ಸರಿದ. ಮೂವತ್ತು ವರ್ಷ ತಾನು ಗಟಾರಕ್ಕೆ ಎಸೆದದ್ದು ಅದನ್ನೇ ಅಲ್ಲವೇ. ಆಗ ಸೇಟ್ ಇನ್ನೊಂದು ಹ್ಯಾಟು ತೆಗೆದರು. ತಮ್ಮ ತಂದೆಯದಂತೆ. ಮೇಲಿಂದ ಎಳ್ಳಷ್ಟು ಕುಂದಿಲ್ಲ. ಒಳಗೆ ನೋಡಿದರೆ ಮೇಕೆ ಚರ್ಮದ ಪಟ್ಟಿ. “ಕಿಸೀ ಗಧೇ ನೇ ಬರ್ಬಾದ್ ಕರ್ ದಿಯಾ,” ಎಂದು ಸೇಟ್ ನಿಟ್ಟುಸಿರು ಬಿಟ್ಟರು. ಯಾವ ಕತ್ತೆಯೆಂದು ಅಣವೀರಪ್ಪನಿಗೆ ನೋಡುತ್ತಲೇ ತಿಳಿಯಿತು. ಹೊಲಿಗೆಯ ಕೊನೆಗೆ ಜೋಡಿ ಗಂಟಿತ್ತು. ಬಾಯಿ ಬಿಡಲಿಲ್ಲ. ನಾನೇ ಎಂದಿದ್ದರೆ ಆ ಕುರ್ಚಿಯಿಂದ ಏಳಬೇಕಾಗುತ್ತಿತ್ತು.

ಎಲ್ಲಾದರೂ ಹಾಳಾದ ಹ್ಯಾಟಿನಲ್ಲಿ ತಂದೆಯ ಈ ಹ್ಯಾಟು ಮಾಡಿದ ಕಂಪನಿಯದೇ ಪಟ್ಟಿ ಸಿಕ್ಕರೆ ನೋಡು ಉಸ್ತಾದ್, ಎಂದು ಸೇಟ್ ಆ ಮುದ್ರೆಯ ಚಿತ್ರವನ್ನು ಒಂದು ಪುಸ್ತಕದಲ್ಲಿ ತೋರಿಸಿದರು. ಇಂಗ್ಲಿಷ್ ಓದಲು ಬಾರದಿದ್ದರೂ ಮುದ್ರೆಯ ಗುರುತು ಅಣವೀರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಜಯಸಿಂಹರ ಹ್ಯಾಟಿನೊಳಗೆ ವರ್ಷಕ್ಕೊಮ್ಮೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುವವನು ಅವನೇ. ಅಳತೆ ಕೂಡ ಒಂದೇ.

ಇಡೀ ವರ್ಷ ಆ ಯೋಚನೆಯನ್ನು ಅವನು ತಲೆಯಿಂದ ಕೊಡವಿ ಹಾಕಿದ. ಅದು ಮತ್ತೆ ಬಂತು. ಸೇಟ್ ಆಗಾಗ ಕರೆಸುತ್ತಿದ್ದರು, ಬಂದವರಿಗೆಲ್ಲ ಇವರು ನಮ್ಮ ಉಸ್ತಾದ್ ಎಂದು ಪರಿಚಯಿಸುತ್ತಿದ್ದರು. ಗಾಜಿನೊಳಗೆ ಆ ಜೋಡಿ ಗಂಟಿನ ಹ್ಯಾಟು ಕಂಡಾಗಲೆಲ್ಲ ಅಣವೀರಪ್ಪನಿಗೆ ಮೈ ಮೇಲೆ ಹುಳ ಹರಿದಂತಾಗುತ್ತಿತ್ತು. ಅದನ್ನು ಸರಿ ಮಾಡಿಬಿಟ್ಟರೆ ತನ್ನ ಕತ್ತೆತನ ತಾನಾಗಿ ಅಳಿಸಿಹೋಗುತ್ತದೆ ಎಂದು ಲೆಕ್ಕ ಹಾಕಿದ. ಜಯಸಿಂಹರಿಗೆ ಎಪ್ಪತ್ತು ದಾಟಿದೆ, ಅವರಿಗೆ ಆ ಹಳೆಯ ಚರ್ಮದಿಂದ ಆಗಬೇಕಾದ್ದೇನು ಎಂದೂ ಹೇಳಿಕೊಂಡ. ಕಳ್ಳತನಕ್ಕೆ ಹೊರಟವನಿಗೆ ಕಾರಣಗಳ ಕೊರತೆಯೇ?

ಎಂಬತ್ತಾರರ ದಸರೆಗೆ ಜಯಸಿಂಹ ಹ್ಯಾಟು ಕೊಟ್ಟು, ಅದೇ ಮಾತು ಹೇಳಿ ಹೋದರು. ಮಾರನೆಯ ಬೆಳಿಗ್ಗೆ ಅಣವೀರಪ್ಪ ಬ್ಲೇಡು ತೆಗೆದುಕೊಂಡು ಪಟ್ಟಿ ಬಿಚ್ಚಿದ. ಮೂವತ್ತು ವರ್ಷದ ಅಭ್ಯಾಸ. ಬಿಚ್ಚಿದ ಪಟ್ಟಿಯನ್ನು ತಿರುಗಿಸಿದರೆ ಹಿಂಬದಿಯಲ್ಲಿ ನೇರಳೆ ಪೆನ್ಸಿಲಿನ ಅಕ್ಷರಗಳಿದ್ದವು. ಕನ್ನಡ ಅಕ್ಷರಗಳು. ‘ಜಯಸಿಂಹ, ಮೈಸೂರು’. ದುಂಡಗೆ, ಒತ್ತಿ ಬರೆದದ್ದು. ಅವನು ಮೂರನೆಯ ಇಯತ್ತೆವರೆಗೆ ಶಾಲೆ ಕಲಿತವನು. ಅವನ ಕೈಯಲ್ಲಿ ಹಾದುಹೋದ ಸಾವಿರಾರು ಹ್ಯಾಟುಗಳಲ್ಲಿ ಅವನಿಗೆ ಓದಲು ಬಂದ ಬರಹ ಅದೊಂದೇ. ಬಹಳ ಹೊತ್ತು ಅದನ್ನು ನೋಡುತ್ತ ಕೂತ. ಬಿಚ್ಚಿದ್ದನ್ನು ಮತ್ತೆ ಹೊಲಿದುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಒಂದು ಗಾಜಿನ ಚೂರು ಹುಡುಕಿ, ಅಕ್ಷರಗಳನ್ನು ಒಂದೊಂದಾಗಿ ಕೆರೆದು ತೆಗೆದ.

ಜಯಸಿಂಹ ಬಂದಾಗ ಹ್ಯಾಟಿನೊಳಗೆ ನೋಡಿ, ಹೊಸ ಪಟ್ಟಿಯ ಮೇಲೆ ಬೆರಳಾಡಿಸಿದರು.

“ಈ ಸಲ ಪಟ್ಟಿ ಪೂರಾ ಕೊಳತಿತ್ರೀ ಸಾಹೇಬ್ರ. ಕೈಯಾಗ ಕಿತ್ತು ಬಂತು,” ಎಂದ ಅಣವೀರಪ್ಪ.

“ಹಿಂದೆ ಏನೋ ಬರೆದಿತ್ತಲ್ಲಪ್ಪ?”

“ಏನೂ ಕಾಣಲಿಲ್ರೀ.”

“ಹೋಗಲಿ ಬಿಡು. ನೀನಿದ್ದದ್ದಕ್ಕೆ ಇಷ್ಟು ವರ್ಷ ಬಂತು,” ಎಂದು ಅವನ ಭುಜ ತಟ್ಟಿ ಹೋದರು. ಆ ತಟ್ಟಿದ ಜಾಗ ಅವನಿಗೆ ದಿನಗಟ್ಟಲೆ ನೆನಪಾಯಿತು. ಸೇಟ್ ಪಟ್ಟಿ ನೋಡಿ ಅವನನ್ನು ಅಪ್ಪಿಕೊಂಡರು. ಎಲ್ಲಿ ಸಿಕ್ಕಿತೆಂದು ಕೇಳಿದ್ದಕ್ಕೆ, ಮನೆಯ ಹಳೆಯ ಡಬ್ಬದಲ್ಲಿ ಎಂದ. ಕುರ್ಚಿ ಅವನಿಗೆ ಕಾಯಮ್ಮಾಯಿತು. ಆದರೆ ಅದರಲ್ಲಿ ಕೂರುವಾಗ ಗಾಜಿನ ಕಡೆ ಬೆನ್ನು ಮಾಡಿ ಕೂರತೊಡಗಿದ. ಕೊನೆಗೆ ಅಲ್ಲಿಗೆ ಹೋಗುವುದನ್ನೇ ಬಿಟ್ಟ. ಮುಂದಿನ ದಸರೆಗೆ ಜಯಸಿಂಹ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತೆಂದು ಅವನಿಗೆ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ಮತ್ತೆ ನಾಚಿಕೆಯಾಯಿತು.

ಎಂಬತ್ತೆಂಟರ ಆಗಸ್ಟಿನಲ್ಲಿ ಪಕ್ಕದ ಬೇಕರಿಗೆ ಫೋನು ಬಂತು. ಜಯಸಿಂಹರ ಹೆಂಡತಿ ವನಮಾಲಾ ಮಾತಾಡಿದರು. ಯಜಮಾನರು ಹೋಗಿ ಒಂದು ತಿಂಗಳಾಯಿತು, ಹಾರ್ಟು ಎಂದರು. ಬಿಡುವಾದಾಗ ಒಮ್ಮೆ ಮನೆಗೆ ಬಂದು ಹೋಗಿ, ಒಂದು ಮಾತು ಕೇಳುವುದಿದೆ ಎಂದರು. ಆ ಮಾತು ಯಾವುದೆಂದು ಅಣವೀರಪ್ಪನಿಗೆ ಹೊಳೆದುಬಿಟ್ಟಿತು. ನಾಲ್ಕು ದಿನ ನೆವ ಹೇಳಿದ. ಐದನೆಯ ದಿನ ರುದ್ರವ್ವ, “ಅಷ್ಟ ದೊಡ್ಡಾವ್ರು ಸತ್ರ ಮಾರಿ ತೋರಸಾಕೂ ಹೋಗುದಿಲ್ಲೇನ್?” ಎಂದು ಬೈದಳು. ದಾದರಿನಲ್ಲಿ ಗಾಡಿ ಬದಲಿಸುವಾಗ ಎರಡು ಸಲ ಹಿಂದಿರುಗಲು ನೋಡಿದ. ಆದರೂ ಹೋದ.

ಸಾಂತಾಕ್ರೂಜಿನ ಆ ಸೊಸೈಟಿಯ ಎರಡನೆಯ ಮಹಡಿಯಲ್ಲಿ ವನಮಾಲಾ ಅವರೇ ಬಾಗಿಲು ತೆರೆದರು. ಸೋಫಾದ ಮೇಲೆ ಕೂರಿಸಿದರು. ಅವನು ಬೇಡ ಬೇಡವೆಂದರೂ ಕಾಫಿ ತಂದಿಟ್ಟರು.

“ನಿಮ್ಮ ವಿಷಯ ಎಷ್ಟು ಹೇಳೋರು ಗೊತ್ತಾ,” ಎಂದರು. “ಹೊಸ ಪಟ್ಟಿ ಹಾಕಿದ ಮೇಲೆ ಹ್ಯಾಟು ಯಾಕೋ ಹಣೆಗೆ ಒತ್ತುತ್ತೆ ಅನ್ನೋರು. ಬದಲಾಯಿಸಿಕೊಂಡು ಬನ್ನಿ ಅಂದೆ. ಅಣವೀರಪ್ಪನ ಕೈಕೆಲಸದಲ್ಲಿ ತಪ್ಪಿರಲ್ಲ, ನನ್ನ ತಲೇಲೇ ಏನೋ ಆಗಿದೆ ಅಂತ ಡಾಕ್ಟರ ಹತ್ರ ಹೋಗಿ ಎಕ್ಸ್‌ರೇ ತೆಗೆಸಿಕೊಂಡ್ರು. ಏನೂ ಇರಲಿಲ್ಲ. ಆದ್ರೂ ಭಯ ಹೋಗಲಿಲ್ಲ ಅವರಿಗೆ. ಹ್ಯಾಟು ಹಾಕೋದೇ ಬಿಟ್ಟರು. ಸಾಯಂಕಾಲದ ವಾಕಿಂಗೂ ನಿಂತಿತು.”

ಮೇಕೆ ಚರ್ಮ ದಪ್ಪ. ಹ್ಯಾಟು ಅರ್ಧ ನೂಲು ಬಿಗಿಯಾಗುತ್ತದೆ. ಅದು ಅವನಿಗೆ ಹೊಲಿಯುವಾಗಲೇ ಗೊತ್ತಿತ್ತು.

“ಕೇಳಬೇಕು ಅಂತಿದ್ದದ್ದು ಇದು,” ಎಂದು ಅವರು ಮುಂದುವರಿಸಿದರು. “ಆ ಹಳೇ ಪಟ್ಟಿ, ಅದರ ಒಂದು ಚೂರಾದ್ರೂ ನಿಮ್ಮ ಅಂಗಡೀಲಿ ಬಿದ್ದಿರಬಹುದಾ? ಅದರ ಹಿಂದೆ ಬರೆದಿದ್ದವಳು ನಾನು. ನಲವತ್ತೆಂಟರಲ್ಲಿ ಕಂಪನಿಯವರು ಅವರನ್ನ ಇಂಗ್ಲೆಂಡಿಗೆ ಕಳಿಸಿದ್ರು. ಮದುವೆ ಆಗಿ ಎರಡು ತಿಂಗಳು. ನಾಳೆ ಹಡಗು ಅನ್ನೋವಾಗ ಹ್ಯಾಟು ಕೊಂಡು ತಂದ್ರು. ಹಡಗಿನಲ್ಲಿ ಯಾರದೋ ಜೊತೆ ಅದಲುಬದಲಾಗತ್ತೆ ಅಂತ ಪಟ್ಟಿ ಮಡಿಸಿ ಹಿಂದೆ ಹೆಸರು ಬರೆದೆ. ನಮ್ಮಲ್ಲಿ ಗಂಡನ ಹೆಸರು ಬಾಯಲ್ಲಿ ಹೇಳೋ ಹಾಗಿಲ್ಲ ನೋಡಿ. ನಲವತ್ತು ವರ್ಷದಲ್ಲಿ ಒಂದು ಸಲಾನೂ ಕೂಗಲಿಲ್ಲ. ಬರೆದದ್ದೂ ಅದೊಂದೇ ಸಲ.” ಅವನ ಮುಖ ನೋಡಿ, ತಾವೇ ಅವನನ್ನು ಸಮಾಧಾನ ಮಾಡಿದರು. “ಕೊಳೆತು ಹೋದದ್ದಕ್ಕೆ ನೀವೇನು ಮಾಡ್ತೀರಿ. ಬೇಜಾರು ಮಾಡ್ಕೋಬೇಡಿ.”

ನೆಲ ಬಿರಿದು ತನ್ನನ್ನು ನುಂಗಬಾರದೇ ಎಂದುಕೊಂಡ ಅಣವೀರಪ್ಪ. ನೆಲ ಬಿರಿಯಲಿಲ್ಲ, ಕಾಫಿ ಆರುತ್ತಿತ್ತು. ಹೌದ್ರಿ, ಕೊಳತಿತ್ತು ಎಂದು ಎದ್ದು ಬಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಆ ತಾಯಿ ಅವನನ್ನು ಸಮಾಧಾನ ಮಾಡದಿದ್ದರೆ ಅವನು ಹಾಗೆಯೇ ಮಾಡುತ್ತಿದ್ದನೋ ಏನೋ. ಸೋಫಾದಿಂದ ಎದ್ದು ನಿಂತ.

“ಕೊಳತಿರಲಿಲ್ರೀ ಅವ್ವಾರ,” ಎಂದ. “ಛಲೋ ಇತ್ತು. ನಾನ ಬಿಚ್ಚಿ ಒಬ್ಬ ಸೇಟಗ ಕೊಟ್ಟೆ. ಅವನ ಮನಿಯಾಗ ನನಗ ಕುರ್ಚಿ ಹಾಕ್ತಿದ್ರು, ಅದಕ್ಕ.” ಕಾರಣ ಬಾಯಿಂದ ಹೊರಬಿದ್ದಾಗ ಎಷ್ಟು ಸಣ್ಣದೆಂದು ಅವನಿಗೇ ಕೇಳಿಸಿತು. “ನೀವು ಬರೆದಿದ್ದನ್ನ ನಾ ಓದಿದ್ದೆ ರೀ. ಓದೇ ಕಾಜಿನ ಚೂರ್‌ಲೆ ಕೆರದೆ.”

ವನಮಾಲಾ ಬೈಯಲೂ ಇಲ್ಲ, ಅಳಲೂ ಇಲ್ಲ. ಬೈದಿದ್ದರೆ ಅವನಿಗೆ ಒಂದಿಷ್ಟು ಉಸಿರಾಡಲು ಆಗುತ್ತಿತ್ತು. ಆರಿದ ಕಾಫಿಯನ್ನು ಪಕ್ಕಕ್ಕೆ ಸರಿಸಿ, “ಅವರಿಗೆ ಗೊತ್ತಿತ್ತಾ?” ಎಂದು ಕೇಳಿದರು.

“ಇಲ್ರೀ. ನಂಬಿದ್ರು.”

ಅವರು ತಲೆಯಾಡಿಸಿ ಒಳಗೆ ಹೋದರು. ಕಪಾಟಿನ ಬಾಗಿಲು ತೆರೆದ ಸದ್ದಾಯಿತು. ಆ ಬೂದು ಹ್ಯಾಟನ್ನು ಹಿಡಿದುಕೊಂಡು ಬಂದು ಅವನ ಮುಂದೆ ಚಾಚಿದರು.

“ಇದನ್ನೂ ತೊಗೊಂಡು ಹೋಗಿ,” ಎಂದರು. “ಇದರಲ್ಲಿ ಅವರದು ಏನೂ ಉಳಿದಿಲ್ಲ.”

ಬೇಡ ಎನ್ನುವ ಯೋಗ್ಯತೆ ತನಗಿಲ್ಲವೆಂದು ಅಣವೀರಪ್ಪನಿಗೆ ಗೊತ್ತಿತ್ತು. ಎರಡೂ ಕೈ ಚಾಚಿ ಇಸಿದುಕೊಂಡ.